ಮೇರಿಯ ಓದಿಗೆ ಬೆಲೆ ತೆತ್ತವರು ಯಾರು? ಡಕೋಟಾ ಬಯಲಿನ ಇಂಗಲ್ಸ್ ಸಹೋದರಿಯರ ಪ್ರಕರಣ

ಅಮೆರಿಕದ ಪಶ್ಚಿಮದ ಬಯಲಿಗೆ ವಲಸೆ ಹೋಗಿ ನೆಲ ಹಿಡಿದ ಕುಟುಂಬಗಳಲ್ಲಿ ಇಂಗಲ್ಸ್ ಮನೆಯವರಷ್ಟು ಹೆಸರಾದವರು ಕಡಿಮೆ. ಆ ಮನೆಯ ಎರಡನೆಯ ಮಗಳು ಲಾರಾ, ಮುಂದೆ ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್ ಎಂದು ಹೆಸರಾದವಳು. ಅವಳ ಮೊದಲ ಕಾದಂಬರಿ ಹೊರಬಂದದ್ದು 1932ರಲ್ಲಿ, 65ನೆಯ ವಯಸ್ಸಿನಲ್ಲಿ. ತನ್ನ ಮನೆಯವರ ಬದುಕನ್ನೇ ಕಥೆಯಾಗಿಸಿ ಮಕ್ಕಳಿಗಾಗಿ ಅವಳು ಬರೆದ ಕಾದಂಬರಿಗಳ ಸರಣಿ ಕನ್ನಡಕ್ಕೂ ಬಂದಿದೆ. ಓದಿದವರಿಗೆ ಒಂದು ಎಳೆ ನೆನಪಿದ್ದೇ ಇರುತ್ತದೆ. ಕಣ್ಣು ಕಳೆದುಕೊಂಡ ಅಕ್ಕ ಮೇರಿಯನ್ನು ಕಾಲೇಜಿನಲ್ಲಿ ಓದಿಸಲು ತಂಗಿ ಲಾರಾ ಹದಿಹರೆಯದಲ್ಲೇ ಶಿಕ್ಷಕಿಯಾಗಿ ದುಡಿದಳು ಎಂಬುದೇ ಆ ಎಳೆ.

ಅದು ಸುಳ್ಳಲ್ಲ. ಆದರೆ ತಾರೀಖುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ಮೇರಿ ಅಯೋವಾ ರಾಜ್ಯದ ವಿಂಟನ್ ಊರಿನ ಅಂಧರ ಕಾಲೇಜಿಗೆ ಸೇರಿದ್ದು 1881ರ ನವೆಂಬರ್‌ನಲ್ಲಿ. ಲಾರಾ ತನ್ನ ಮೊದಲ ಶಾಲೆಯ ಬಾಗಿಲು ತೆರೆದದ್ದು 1883ರ ಡಿಸೆಂಬರ್‌ನಲ್ಲಿ. ನಡುವಿನ ಎರಡು ವರ್ಷ ಮೇರಿಯ ಓದು ನಿಂತಿರಲಿಲ್ಲ. ಸಾಲದ್ದಕ್ಕೆ, ಬೋಧನಾ ಶುಲ್ಕವನ್ನು ಕಟ್ಟುತ್ತಿದ್ದದ್ದು ಮನೆಯವರೇ ಅಲ್ಲ, ಡಕೋಟಾ ಪ್ರಾಂತದ ಸರ್ಕಾರ. ಹಾಗಾದರೆ ತಂಗಿ ತೆತ್ತದ್ದೇನು, ಯಾರಿಗಾಗಿ, ಎಷ್ಟು ಕಾಲ? ಈ ಪ್ರಕರಣದಲ್ಲಿ ಕೇಳಬೇಕಾದ ಪ್ರಶ್ನೆ ಇದು. ಇದಕ್ಕೆ ಉತ್ತರ ಹುಡುಕುವಾಗ ಕಥೆಯಲ್ಲಿ ಹಿಂದೆ ಉಳಿದುಬಿಟ್ಟ ಇನ್ನಿಬ್ಬರು ತಂಗಿಯರೂ ಎದುರಾಗುತ್ತಾರೆ.

ಹಿನ್ನೆಲೆ

ಅಪ್ಪ ಚಾರ್ಲ್ಸ್ ಇಂಗಲ್ಸ್ ಒಂದು ಕಡೆ ನಿಲ್ಲುವ ಆಸಾಮಿಯಲ್ಲ. ವಿಸ್ಕಾನ್ಸಿನ್ ಕಾಡಿನ ಮನೆ ಬಿಟ್ಟು 1869ರಲ್ಲಿ ಕಾನ್ಸಸ್‌ಗೆ ಹೋದ. ಅಲ್ಲಿ ಕೂತ ನೆಲ ಓಸೇಜ್ ಎಂಬ ಮೂಲನಿವಾಸಿ ಜನರದ್ದು. ಎರಡೇ ವರ್ಷಕ್ಕೆ ಹಿಂದಿರುಗಬೇಕಾಯಿತು. 1874ರಲ್ಲಿ ಮಿನ್ನೆಸೋಟದ ವಾಲ್‌ನಟ್ ಗ್ರೋವ್ ಬಳಿ ಗೋಧಿ ಬಿತ್ತಿದ. ಮಿಡತೆ ಹಿಂಡು ಬಂದು ಪೈರು ಬೋಳಾಯಿತು, ಅವು ನೆಲದಲ್ಲಿಟ್ಟ ಮೊಟ್ಟೆ ಮರುವರ್ಷದ ಪೈರಿಗೂ ಮಾರಿಯಾಯಿತು. 1876ರಲ್ಲಿ ಮನೆಯ ಒಬ್ಬನೇ ಗಂಡುಮಗು ಫ್ರೆಡ್ಡಿ ಒಂಬತ್ತು ತಿಂಗಳಿಗೇ ತೀರಿಕೊಂಡ. ಆಮೇಲೆ ಅಯೋವಾದ ಬರ್ ಓಕ್ ಊರಿನ ಹೋಟೆಲೊಂದರಲ್ಲಿ ಇಡೀ ಸಂಸಾರ ದುಡಿಯಿತು. 1877ರಲ್ಲಿ ಮತ್ತೆ ವಾಲ್‌ನಟ್ ಗ್ರೋವ್. ಹೆಣ್ಣುಮಕ್ಕಳು ನಾಲ್ವರು: 1865ರಲ್ಲಿ ಹುಟ್ಟಿದ ಮೇರಿ, 1867ರ ಲಾರಾ, 1870ರ ಕ್ಯಾರಿ, 1877ರ ಗ್ರೇಸ್.

1879ರ ವಸಂತದಲ್ಲಿ ಹದಿನಾಲ್ಕರ ಮೇರಿಗೆ ತಲೆ ಸಿಡಿಯುವಂಥ ನೋವು, ಜ್ವರ. ಮುಖದ ಒಂದು ಬದಿ ಎಳೆದುಕೊಂಡಿತು. ಜೀವ ಉಳಿಯಿತು, ದೃಷ್ಟಿ ಉಳಿಯಲಿಲ್ಲ. ಕಾದಂಬರಿಯಲ್ಲಿ ಇದಕ್ಕೆ ಸ್ಕಾರ್ಲೆಟ್ ಜ್ವರ ಕಾರಣ. ಲಾರಾಳ ಆತ್ಮಕಥೆಯ ಹಸ್ತಪ್ರತಿ, ಪತ್ರಗಳು ಮತ್ತು ಅಂದಿನ ಸ್ಥಳೀಯ ಪತ್ರಿಕೆಗಳನ್ನು ಜಾಲಾಡಿದ ವೈದ್ಯರ ತಂಡವೊಂದು 2013ರಲ್ಲಿ ಮಕ್ಕಳ ವೈದ್ಯಕೀಯ ನಿಯತಕಾಲಿಕದಲ್ಲಿ ಬೇರೆಯದೇ ನಿರ್ಣಯ ಕೊಟ್ಟಿತು: ಮಿದುಳಿಗೂ ಅದರ ಪೊರೆಗೂ ವೈರಸ್‌ನಿಂದ ಬಂದ ಉರಿಯೂತವೇ ಕಾರಣವಾಗಿದ್ದಿರಬೇಕು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತಾಯಿ ಕ್ಯಾರೊಲಿನ್ ಮದುವೆಗೆ ಮುಂಚೆ ಶಾಲೆ ಕಲಿಸಿದವಳು. ಓದಿನಲ್ಲಿ ಚುರುಕಾಗಿದ್ದ ಮೇರಿ ತನ್ನಂತೆಯೇ ಶಿಕ್ಷಕಿಯಾಗುತ್ತಾಳೆ ಎಂದು ಅವಳು ನಂಬಿದ್ದಳು. ಲಾರಾಗೆ ಆ ಕೆಲಸದಲ್ಲಿ ಒಲವಿರಲಿಲ್ಲ. ಬಯಲು, ಕುದುರೆ, ಹೊರಗಿನ ಕೆಲಸ ಅವಳ ಇಷ್ಟ. ಮೇರಿ ಕುರುಡಾದ ದಿನವೇ ಹಿರಿಮಗಳ ಪಾಲಿನ ಹೊಣೆ ಎರಡನೆಯವಳ ಹೆಗಲಿಗೆ ಬಿತ್ತು. ಯಾರೂ ಅವಳನ್ನು ಕೇಳಲಿಲ್ಲ, ಅವಳೂ ಬೇಡವೆನ್ನಲಿಲ್ಲ.

ಮೊದಲ ಕೊಡುಗೆ ಹಣದ್ದಲ್ಲ

ಆ ವರ್ಷವೇ ಚಾರ್ಲ್ಸ್‌ಗೆ ಪಶ್ಚಿಮಕ್ಕೆ ಹಳಿ ಹಾಕುತ್ತಿದ್ದ ರೈಲ್ವೆಯಲ್ಲಿ ಹಾಜರಿ ಬರೆಯುವ, ಕೂಲಿ ಹಂಚುವ ಕೆಲಸ ಸಿಕ್ಕಿತು. ಕ್ಯಾರೊಲಿನ್ ಮತ್ತು ಮಕ್ಕಳು ಅವನನ್ನು ಸೇರಲು ರೈಲು ಹತ್ತಿದರು. ಆ ಪ್ರಯಾಣವನ್ನು ಲಾರಾ ಬರೆದಿರುವ ಬಗೆ ನೋಡಬೇಕು. ಪಕ್ಕದಲ್ಲಿ ಕೂತ ಅಕ್ಕನಿಗೆ ಅವಳು ಬೋಗಿಯಲ್ಲಿರುವ ಒಬ್ಬೊಬ್ಬರನ್ನೂ, ಅವರ ಉಡುಪನ್ನೂ, ಕಿಟಕಿಯಾಚೆ ತಂತಿಕಂಬಗಳ ನಡುವೆ ಇಳಿದೇರುವ ತಂತಿಯನ್ನೂ ಬಿಡದೆ ಹೇಳುತ್ತಾ ಹೋಗುತ್ತಾಳೆ. ಅಪ್ಪ ಅವಳಿಗೆ ಒಪ್ಪಿಸಿದ್ದ ಕೆಲಸ ಅದು: ಇನ್ನು ಮುಂದೆ ಮೇರಿಗಾಗಿ ನೋಡಬೇಕಾದವಳು ನೀನು.

ಅದು ಹೇಳಿದಷ್ಟು ಸುಲಭವಲ್ಲ. ಮೇರಿ ಕರಾರುವಾಕ್ಕು ಹುಡುಗಿ. ದಾರಿ ಅಲ್ಲಿ ಮುಗಿದುಹೋಗುತ್ತದೆ ಎಂದರೆ, ದಾರಿ ಮುಗಿಯುವುದುಂಟೇ, ಅದು ಮುಂದಿನ ಊರಿಗೆ ಹೋಗುತ್ತದಲ್ಲ ಎಂದು ತಿದ್ದುವವಳು. ತನಗೆ ಕಂಡಂತೆ ಹೇಳಬೇಕೋ, ಇದ್ದದ್ದು ಇದ್ದಂತೆ ಹೇಳಬೇಕೋ ಎಂಬ ಜಗಳ ಅಕ್ಕತಂಗಿಯರ ನಡುವೆ ಮತ್ತೆ ಮತ್ತೆ ನಡೆಯುತ್ತದೆ. ಅಕ್ಕನಿಗೆ ಕಥನ ಹೇಳುವ ಈ ನಿತ್ಯದ ಸಾಧಕದಿಂದಲೇ ಲಾರಾ ಬರಹಗಾರ್ತಿಯಾದಳು ಎಂದು ವಿಮರ್ಶಕರು ಹೇಳುವುದುಂಟು. ಇರಬಹುದು. ಆದರೆ ಆಗ ಅದು ಹನ್ನೆರಡು ವರ್ಷದ ಹುಡುಗಿ ದಿನದ ಬಹುಪಾಲು ಮಾಡಬೇಕಿದ್ದ ದುಡಿಮೆ. ಇದಕ್ಕೆ ಯಾವ ಖಾತೆಯಲ್ಲೂ ಜಮೆಯಿಲ್ಲ ಎಂಬುದನ್ನು ಮೊದಲು ಗುರುತು ಹಾಕಿಕೊಳ್ಳಬೇಕು.

ಉಚಿತ ನೆಲದ ಖರ್ಚು

1862ರ ಮೇ 20ರಂದು ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ 21 ವರ್ಷ ತುಂಬಿದ ಅಥವಾ ಮನೆಯ ಯಜಮಾನನಾದ ಯಾರೇ ಆಗಲಿ 160 ಎಕರೆ ಸರ್ಕಾರಿ ನೆಲಕ್ಕೆ ಅರ್ಜಿ ಹಾಕಬಹುದಿತ್ತು. ಐದು ವರ್ಷ ಅದರ ಮೇಲೆ ವಾಸವಿದ್ದು, ಉತ್ತು ಬಿತ್ತಿದರೆ ನೆಲ ಅವನದೇ. ಆ ನೆಲ ಅಲ್ಲಿನ ಮೂಲನಿವಾಸಿಗಳಿಂದ ಒಪ್ಪಂದದ ಹೆಸರಿನಲ್ಲೋ ಬಲವಂತವಾಗಿಯೋ ಕಿತ್ತುಕೊಂಡದ್ದು ಎಂಬ ಮಾತು ಅರ್ಜಿಯಲ್ಲಿ ಇರುತ್ತಿರಲಿಲ್ಲ. ಚಾರ್ಲ್ಸ್ 1880ರ ಫೆಬ್ರವರಿಯಲ್ಲಿ ಬ್ರೂಕಿಂಗ್ಸ್‌ನ ಭೂಕಚೇರಿಗೆ ಹೋಗಿ, ಆಗಿನ್ನೂ ತಲೆಯೆತ್ತಬೇಕಿದ್ದ ಡಿ ಸ್ಮೆಟ್ ಊರಿನ ಬಳಿ ಒಂದು ಪಾಲು ಬರೆಸಿಕೊಂಡ. ಶುಲ್ಕ ಹದಿನಾಲ್ಕು ಡಾಲರ್ ಆಸುಪಾಸು.

ಶುಲ್ಕ ಅಷ್ಟೇ, ಖರ್ಚು ಅಷ್ಟಲ್ಲ. ಗಟ್ಟಿ ಹುಲ್ಲುಬೇರಿನ ನೆಲ ಒಡೆಯಲು ನೇಗಿಲು, ಎತ್ತು ಅಥವಾ ಕುದುರೆ, ಬೀಜ, ಬೇಲಿ, ಬಾವಿ, ಹಲಗೆ, ಮನೆಗೆ ಹೊದಿಸುವ ಡಾಂಬರು ಕಾಗದ, ಎಲ್ಲಕ್ಕೂ ನಗದು ಬೇಕು. ಮೊದಲ ಒಂದೆರಡು ವರ್ಷ ನೆಲ ತಿನ್ನುತ್ತದೆಯೇ ಹೊರತು ತಿನ್ನಲು ಕೊಡುವುದಿಲ್ಲ. ಗಂಡಸರು ಕೂಲಿ ಹುಡುಕಿ ಪೇಟೆಗೆ ಹೋದರೆ, ವಾಸದ ನಿಯಮ ತಪ್ಪದಿರಲೆಂದು ಹೆಂಗಸರು ಮಕ್ಕಳು ಬಯಲಿನ ಗುಡಿಸಿನಲ್ಲಿ ಕಾವಲಿರಬೇಕು. ಇದರಿಂದ ಹುಟ್ಟಿದ ವಿಚಿತ್ರ ಉದ್ಯೋಗವೊಂದನ್ನು ಲಾರಾ ಸ್ವತಃ ಮಾಡಿದ್ದಳು. ಗಂಡ ಪೇಟೆಯಲ್ಲಿ ದುಡಿಯುತ್ತಿದ್ದ ಹೆಂಗಸೊಬ್ಬಳು ಒಂಟಿಯಾಗಿ ನೆಲ ಕಾಯಲು ಹೆದರಿದಾಗ, ಜೊತೆಗಿರಲು ಅವಳು ಹೋದಳು. ಅವಳ ಬರಹದಂತೆ ಸಂಬಳ ವಾರಕ್ಕೆ ಒಂದು ಡಾಲರ್. ಸರ್ಕಾರದ ಕಾಯ್ದೆಗೆ ಸಾಕ್ಷಿಯಾಗಿ ಸುಮ್ಮನೆ ಒಂದು ಗುಡಿಸಿನಲ್ಲಿ ಇರುವುದಕ್ಕೆ ಸಂಬಳ!

ಇಂಥ ಸಂಸಾರದಲ್ಲಿ ಒಬ್ಬ ಮಗಳನ್ನು ದೂರದ ಕಾಲೇಜಿಗೆ ಕಳುಹಿಸುವುದೆಂದರೆ ಏನೆಂಬುದನ್ನು 1880–81ರ ಚಳಿಗಾಲದ ಹಿನ್ನೆಲೆಯಲ್ಲಿ ಯೋಚಿಸಬೇಕು. ಅಕ್ಟೋಬರ್ ನಡುವಿನಲ್ಲೇ ಮೊದಲ ಹಿಮಗಾಳಿ ಬಂತು. ಜನವರಿಯಿಂದ ಮೇ ತನಕ ಡಿ ಸ್ಮೆಟ್‌ಗೆ ರೈಲು ಬರಲಿಲ್ಲ. ಕಲ್ಲಿದ್ದಲು ಮುಗಿಯಿತು. ಮರವಿಲ್ಲದ ಬಯಲು, ಉರಿಸಲು ಇದ್ದದ್ದು ಜವುಗಿನ ಒಣಹುಲ್ಲು. ಹಾಗೇ ಹಾಕಿದರೆ ಭಗ್ಗೆಂದು ಉರಿದು ಆರುತ್ತದೆ. ಅದಕ್ಕೇ ಅಪ್ಪ ಮಗಳು ಇಬ್ಬರೂ ಹಿಮಗಟ್ಟುವ ಹಿತ್ತಿಲ ಚಪ್ಪರದಲ್ಲಿ ನಿಂತು ಹುಲ್ಲನ್ನು ಹಿಡಿಯಷ್ಟು ತೆಗೆದು, ಬಿಗಿಯಾಗಿ ಹೊಸೆದು, ಮಡಿಚಿ, ತುದಿ ಸಿಕ್ಕಿಸಿ ಕೊರಡಿನಂತೆ ಮಾಡುತ್ತಿದ್ದರು. ಹುಲ್ಲಿನ ಮೊನೆ ಕೈಯನ್ನು ಕೊಯ್ಯುತ್ತಿತ್ತು. ಒಂದು ರಾಶಿ ಮುಗಿಯುವಷ್ಟರಲ್ಲಿ ಹಿಂದಿನದು ಬೂದಿಯಾಗಿರುತ್ತಿತ್ತು. ಹಿಟ್ಟು ತೀರಿದ ಮೇಲೆ ಬೀಜದ ಗೋಧಿಯನ್ನು ಕಾಫಿ ಬೀಸುವ ಪುಟ್ಟ ಯಂತ್ರದಲ್ಲಿ ಹಾಕಿ ದಿನವಿಡೀ ತಿರುಗಿಸಿದರು. ಕಣ್ಣು ಬೇಡದ ಆ ಕೆಲಸಕ್ಕೆ ಮೇರಿಯೂ ಕೂತಳು. ಕಣ್ಣಿಲ್ಲದವಳು ಮನೆಗೆ ಹೊರೆಯಾಗಿದ್ದಳು ಎಂಬ ಚಿತ್ರ ಯಾರ ಮನಸ್ಸಿನಲ್ಲಾದರೂ ಇದ್ದರೆ ಅದನ್ನು ಈ ದೃಶ್ಯ ಅಳಿಸಬೇಕು.

ಶುಲ್ಕ ಸರ್ಕಾರದ್ದು, ಉಳಿದದ್ದು ಮನೆಯದ್ದು

ಡಕೋಟಾ ಪ್ರಾಂತದಲ್ಲಿ ಆಗ ಅಂಧರ ಶಾಲೆ ಇರಲಿಲ್ಲ. ಹೀಗಾಗಿ ತನ್ನ ಮಕ್ಕಳನ್ನು ಅಯೋವಾದ ಸಂಸ್ಥೆಯಲ್ಲಿ ಓದಿಸಿ ಅದರ ಖರ್ಚನ್ನು ಪ್ರಾಂತವೇ ಭರಿಸುತ್ತಿತ್ತು. ಇದು ಗೊತ್ತಾದ ಮೇಲೆ ಕೆಲವು ಓದುಗರು ಲಾರಾ ತನ್ನ ತ್ಯಾಗವನ್ನು ಉಬ್ಬಿಸಿ ಬರೆದಳೆಂದು ದೂರುತ್ತಾರೆ. ನನಗೆ ಅದು ಅವಸರದ ತೀರ್ಪು ಎನ್ನಿಸುತ್ತದೆ. ಸರ್ಕಾರ ಕಟ್ಟಿದ್ದು ಬೋಧನೆಯ ಖರ್ಚನ್ನು. ಬಟ್ಟೆಬರೆ, ಪೆಟ್ಟಿಗೆ, ರೈಲು ಟಿಕೆಟ್, ರಜೆಗೆ ಬಂದು ಹೋಗುವ ಖರ್ಚು ಮನೆಯದ್ದೇ. ಉಚಿತ ಶಿಕ್ಷಣವೆಂದು ಮಗುವನ್ನು ಹಾಸ್ಟೆಲ್‌ಗೆ ಸೇರಿಸಿದ ಯಾವ ಬಡಪೋಷಕರನ್ನು ಕೇಳಿದರೂ ಈ ಇತರೆ ಖರ್ಚು ಹೇಗೆ ಬೆನ್ನು ಮುರಿಯುತ್ತದೆಂದು ಹೇಳುತ್ತಾರೆ.

1881ರ ಬೇಸಿಗೆಯ ಬಗ್ಗೆ ಕಾದಂಬರಿಯಲ್ಲಿ ಬರುವ ವಿವರಗಳು ಇದನ್ನೇ ಹೇಳುತ್ತವೆ. ಲಾರಾ ಪೇಟೆಯಲ್ಲಿ ಅಂಗಿ ಹೊಲಿಯಲು ಹೋಗುತ್ತಾಳೆ, ದಿನಕ್ಕೆ 25 ಸೆಂಟ್. ಹೊಲಿಗೆ ಅವಳಿಗೆ ಆಗಿಬರದ ಕೆಲಸ. ಗುಂಡಿಯ ಕಾಜ ಮಾಡುವುದೆಂದರೆ ಮೈಯೆಲ್ಲ ಉರಿ. ಅದಕ್ಕೇ ಬೇಗ ಮುಗಿಸಿಬಿಡೋಣವೆಂದು ಹೊಲಿದು ಹೊಲಿದು ಕೈ ಚುರುಕಾದದ್ದು ಬೇರೆ ಮಾತು. ಇತ್ತ ಹೊಲದಲ್ಲಿ ಕಪ್ಪುಹಕ್ಕಿಗಳ ಹಿಂಡು ಓಟ್ಸ್ ಮತ್ತು ಮುಸುಕಿನ ಜೋಳವನ್ನು ತಿಂದು ಹಾಕುತ್ತದೆ. ಅಪ್ಪ ಕರುವನ್ನು ಮಾರುತ್ತಾನೆ. ಅಮ್ಮ ಮೇರಿಯ ಚಳಿಗಾಲದ ಉಡುಪು ಹೊಲಿಯುತ್ತಾಳೆ. ನವೆಂಬರ್‌ನಲ್ಲಿ ಅಪ್ಪ ಅಮ್ಮ ಇಬ್ಬರೂ ಮೇರಿಯನ್ನು ರೈಲಿನಲ್ಲಿ ವಿಂಟನ್‌ಗೆ ಬಿಟ್ಟುಬಂದರು.

ಶಾಲೆ ಎಂಬ ಗುಡಿಸಿನಲ್ಲಿ

ಹಳ್ಳಿ ಶಾಲೆಗೆ ಶಿಕ್ಷಕಿಯಾದರೆ ತಿಂಗಳಿಗೆ 20 ಡಾಲರ್. ಹೊಲಿಗೆಯಲ್ಲಿ ತಿಂಗಳೆಲ್ಲ ದುಡಿದರೂ ಬರುವುದು ಅದರ ಮೂರನೆಯ ಒಂದು ಪಾಲು. ಹೆಣ್ಣುಮಗಳಿಗೆ ಆ ಬಯಲಿನಲ್ಲಿ ಅದಕ್ಕಿಂತ ಹೆಚ್ಚಿನ ನಗದು ತರುವ ಮರ್ಯಾದಸ್ಥ ಕೆಲಸ ಇರಲಿಲ್ಲವೆಂದೇ ಹೇಳಬೇಕು. 1883ರ ಡಿಸೆಂಬರ್‌ನಲ್ಲಿ ಲಾರಾ ಪರೀಕ್ಷೆ ಕೊಟ್ಟು ಮೂರನೆಯ ದರ್ಜೆಯ ಪ್ರಮಾಣಪತ್ರ ಪಡೆದಳು. ಕಾದಂಬರಿ ಅವಳನ್ನು ಹದಿನೈದಕ್ಕೆ ಇಳಿಸಿ, ವಯಸ್ಸು ಮುಚ್ಚಿಟ್ಟಳೆಂದು ಹೇಳುತ್ತದೆ; ಜನ್ಮದಿನದ ಪ್ರಕಾರ ಅವಳಿಗೆ ಹದಿನಾರು ತುಂಬಿತ್ತು. ಸಾಹಸ ಸ್ವಲ್ಪ ದೊಡ್ಡದಾಗಿ ಕಾಣಲೆಂದು ಮಾಡಿದ ಈ ಬದಲಾವಣೆ ಬೇಕಿರಲಿಲ್ಲ. ನಡೆದದ್ದೇ ಸಾಕಷ್ಟು ಕಠಿಣವಾಗಿತ್ತು.

ಶಾಲೆ, ಅವಳ ಬರಹದಂತೆ, ಡಿ ಸ್ಮೆಟ್‌ನಿಂದ ಹನ್ನೆರಡು ಮೈಲಿ ದೂರದಲ್ಲಿ. ಯಾರೋ ಬಿಟ್ಟುಹೋದ ಹಲಗೆಯ ಗುಡಿಸು, ಸಂದಿನಿಂದ ಹಿಮ ಒಳಗೆ ಉದುರುತ್ತಿತ್ತು. ಐವರು ಮಕ್ಕಳು, ಅವರಲ್ಲಿ ಕೆಲವರು ಶಿಕ್ಷಕಿಗಿಂತ ಎತ್ತರ. ಅದಕ್ಕಿಂತ ಕಷ್ಟವಾದದ್ದು ಉಳಿದುಕೊಂಡಿದ್ದ ಮನೆ. ಬಯಲಿನ ಏಕಾಂತಕ್ಕೆ ಬೇಸತ್ತು ಮಾತು ಬಿಟ್ಟಿದ್ದ ಗೃಹಿಣಿ ಒಂದು ರಾತ್ರಿ ಕತ್ತಿ ಹಿಡಿದು ಗಂಡನ ಎದುರು ನಿಂತಳು, ತನ್ನನ್ನು ಪೂರ್ವದ ಊರಿಗೆ ವಾಪಸ್ಸು ಕರೆದೊಯ್ಯಬೇಕೆಂದು. ತೆಳುವಾದ ಪರದೆಯ ಈಚೆ ಮಲಗಿದ್ದ ಲಾರಾ ಆ ರಾತ್ರಿ ನಿದ್ದೆ ಮಾಡಲಿಲ್ಲ. ಮನೆಗೆ ಬಂದಾಗ ಇದನ್ನು ಯಾರಿಗೂ ಹೇಳಲೂ ಇಲ್ಲ. ಹೇಳಿದ್ದರೆ ಅಮ್ಮ ಮತ್ತೆ ಅಲ್ಲಿಗೆ ಕಳುಹಿಸುತ್ತಿರಲಿಲ್ಲ. ಅವಧಿ ಮುಗಿಯದೆ ಬಂದರೆ ಮುಂದೆ ಯಾವ ಶಾಲೆಯೂ ಕರೆಯುತ್ತಿರಲಿಲ್ಲ. ಪ್ರತಿ ಶುಕ್ರವಾರ ಕೊರೆಯುವ ಚಳಿಯಲ್ಲಿ ಜಾರುಬಂಡಿ ಹೊಡೆದುಕೊಂಡು ಬಂದು ಮನೆಗೆ ಕರೆದೊಯ್ಯುತ್ತಿದ್ದವನು ಅಲ್ಮಾಂಜೊ ವೈಲ್ಡರ್. ಮುಂದೆ ಅವನೇ ಗಂಡನಾದ.

ಎರಡು ತಿಂಗಳಿಗೆ 40 ಡಾಲರ್. ಮುಂದಿನ ವಸಂತದ ಶಾಲೆಯಲ್ಲಿ ತಿಂಗಳಿಗೆ 25, ಅದರ ಮರುವರ್ಷ 30. ಮೂರನೆಯ ಶಾಲೆಯ ಹೊತ್ತಿಗೆ ಅವಳ ಮದುವೆ ನಿಶ್ಚಯವಾಗಿತ್ತು, ಆ ದುಡಿಮೆಯನ್ನೂ ಅಕ್ಕನ ಹೆಸರಿಗೆ ಬರೆಯುವುದು ನ್ಯಾಯವಲ್ಲ. ಆದರೆ ಕಲಿಸಲು ಹೋದಷ್ಟು ಕಾಲ ಅವಳು ಕಲಿಯುವುದು ನಿಂತಿತು. ಪ್ರೌಢಶಾಲೆಯ ಅಂತಿಮ ಪ್ರಮಾಣಪತ್ರ ಅವಳಿಗೆ ಕೊನೆಗೂ ಸಿಗಲಿಲ್ಲ. ಅಕ್ಕ ಓದಿ ಮುಗಿಸಿದಳು, ಅಕ್ಕನನ್ನು ಓದಿಸಲು ದುಡಿದವಳದು ಅರ್ಧಕ್ಕೆ ನಿಂತಿತು.

ಈ ಪ್ರಕರಣದಲ್ಲಿ ನನಗೆ ಬಹಳ ಹಿಡಿಸುವ ಪ್ರಸಂಗ ಆರ್ಗನ್‌ನದು. ಸಂಗೀತ ಕಲಿಯುತ್ತಿದ್ದ ಮೇರಿ ರಜೆಗೆ ಬಂದಾಗ ನುಡಿಸಲೆಂದು ಮನೆಯವರು ಆರ್ಗನ್ ಕೊಂಡರು. ಲಾರಾ ಬರೆದಂತೆ ಅದರ ಬಹುಪಾಲು ಹಣ ಅವಳ ಶಾಲೆಯ ಸಂಬಳದ್ದು. ಆರ್ಗನ್ ಬಂತು, ಮೇರಿಯ ಪತ್ರವೂ ಬಂತು: ಈ ರಜೆಯಲ್ಲಿ ಗೆಳತಿಯ ಮನೆಗೆ ಹೋಗುತ್ತಿದ್ದೇನೆ, ಊರಿಗೆ ಬರುವುದಿಲ್ಲ. ಮನೆಯವರಿಗೆ ನಿರಾಸೆ. ಆದರೆ ಮೇರಿಯ ಕಡೆಯಿಂದ ನೋಡಿ. ಮನೆಯವರ ಕೈ ಹಿಡಿಯದೆ ಹೆಜ್ಜೆ ಇಡಲಾಗದಿದ್ದ ಹುಡುಗಿ ತನ್ನದೇ ಗೆಳತಿಯರನ್ನು ಸಂಪಾದಿಸಿ, ರಜೆ ಎಲ್ಲಿ ಕಳೆಯಬೇಕೆಂದು ತಾನೇ ತೀರ್ಮಾನಿಸಿದ್ದಳು. ಅವಳನ್ನು ಓದಲು ಕಳುಹಿಸಿದ್ದು ಇದಕ್ಕೇ ಅಲ್ಲವೇ? ತ್ಯಾಗ ಮಾಡಿದವರು ಬಯಸಿದ ರೂಪದಲ್ಲೇ ಪ್ರತಿಫಲ ಬರಬೇಕೆಂದು ಹಟ ಹಿಡಿದಿದ್ದರೆ ಆ ಮನೆಯಲ್ಲಿ ಕಹಿ ಹುಟ್ಟಲು ಇಷ್ಟು ಸಾಕಿತ್ತು. ಹುಟ್ಟಿದ ಸುಳಿವಿಲ್ಲ.

ಆಮೇಲೆ

ಮೇರಿ 1889ರ ಜೂನ್‌ನಲ್ಲಿ ಓದು ಮುಗಿಸಿದಳು, ಆಗ ಅವಳಿಗೆ 24. ಅದೇ ಬೇಸಿಗೆಯಲ್ಲಿ ಲಾರಾಳ ಬದುಕು ಕುಸಿದಿತ್ತು. ಹಿಂದಿನ ವರ್ಷ ಗಂಡ ಹೆಂಡತಿ ಇಬ್ಬರಿಗೂ ಗಂಟಲಮಾರಿ ಬಡಿದು ಅಲ್ಮಾಂಜೊನ ಕಾಲು ಊನವಾಗಿತ್ತು. ಆಗಸ್ಟ್‌ನಲ್ಲಿ ಹಸುಗೂಸು ತೀರಿಕೊಂಡಿತು. ಕೆಲವೇ ವಾರಗಳಲ್ಲಿ ಮನೆ ಸುಟ್ಟುಹೋಯಿತು. ಬರ ಬೇರೆ. 1894ರಲ್ಲಿ ಅವರು ಡಕೋಟಾ ಬಿಟ್ಟು ಮಿಸೌರಿಯ ಮ್ಯಾನ್ಸ್‌ಫೀಲ್ಡ್‌ಗೆ ಹೋದರು.

ಇಷ್ಟೆಲ್ಲ ನುಂಗಿದ ನೆಲದ ಗತಿ ಏನಾಯಿತು? ಚಾರ್ಲ್ಸ್ 1886ರಲ್ಲಿ ಪಟ್ಟಾ ಪಡೆಯಲು ಬೇಕಾದ ರುಜುವಾತು ಒಪ್ಪಿಸಿದ. ಮರುವರ್ಷ ಪೇಟೆಯಲ್ಲಿ ಮನೆ ಕಟ್ಟಿದ. 1892ರಲ್ಲಿ ಜಮೀನು ಮಾರಿದ. ಹೊಲ ಆ ಸಂಸಾರವನ್ನು ಒಂದು ದಿನವೂ ನೆಮ್ಮದಿಯಾಗಿ ಸಾಕಲಿಲ್ಲ. ಬಡಗಿ ಕೆಲಸ ಸಾಕಿತು, ಹೆಣ್ಣುಮಕ್ಕಳ ಸಂಬಳ ಸಾಕಿತು. ಮೇರಿ ತಂದೆತಾಯಿಯ ಜೊತೆಯಲ್ಲೇ ಉಳಿದಳು. ವಿಂಟನ್‌ನಲ್ಲಿ ಕಲಿತ ಬಲೆ ಹೆಣೆಯುವ ವಿದ್ಯೆಯಿಂದ ಕುದುರೆಗಳಿಗೆ ನೊಣ ಕೂರದಂತೆ ಹೊದಿಸುವ ಬಲೆಗಳನ್ನು ಮಾಡಿ ಮಾರಿ ಮನೆಗೆ ಕಾಸು ತಂದಳು. 1902ರಲ್ಲಿ ಚಾರ್ಲ್ಸ್ ತೀರಿಕೊಂಡ ಮೇಲೂ ತಾಯಿಯ ಜೊತೆಯಲ್ಲೇ ಇದ್ದಳು. ಬ್ರೈಲ್ ಪುಸ್ತಕ, ಚರ್ಚು, ಆರ್ಗನ್ ಅವಳ ಲೋಕ.

ಅಪ್ಪನ ಕೊನೆಗಾಲದಲ್ಲಿ ಊರಿಗೆ ಬಂದುಹೋದ ಲಾರಾ ಮತ್ತೆ ಮೇರಿಯನ್ನು ನೋಡಲಿಲ್ಲ. ಬಡತನ, ದೂರ, ಗಂಡನ ಊನ, ಕಾರಣಗಳಿಗೆ ಕೊರತೆಯಿಲ್ಲ, ಯಾರನ್ನೂ ದೂರಬೇಕಿಲ್ಲ. ಆದರೆ ಹುಡುಗಿಯಾಗಿದ್ದಾಗ ಅಕ್ಕನಿಗೆ ಕಣ್ಣಾದವಳು ಅಕ್ಕನ ಬದುಕಿನ ಕೊನೆಯ ಇಪ್ಪತ್ತಾರು ವರ್ಷಗಳಲ್ಲಿ ಎದುರಿಗೆ ಇರಲಿಲ್ಲ. ಇದ್ದವರು ಕಿರಿಯರು. ಕ್ಯಾರಿ ಪತ್ರಿಕೆಯ ಮುದ್ರಣಾಲಯದಲ್ಲಿ ದುಡಿದಳು, ಪಶ್ಚಿಮದ ಬಯಲಿನಲ್ಲಿ ಒಂಟಿಯಾಗಿ ತನ್ನದೇ ಹೋಮ್‌ಸ್ಟೆಡ್ ನೆಲ ಹಿಡಿದಳು, 1912ರಲ್ಲಿ ಎರಡು ಮಕ್ಕಳಿದ್ದ ವಿಧುರನನ್ನು ಮದುವೆಯಾಗಿ ಬ್ಲ್ಯಾಕ್ ಹಿಲ್ಸ್‌ನ ಕೀಸ್ಟೋನ್‌ಗೆ ಹೋದಳು. ಗ್ರೇಸ್ ಡಿ ಸ್ಮೆಟ್‌ನ ಆಸುಪಾಸಿನಲ್ಲೇ ರೈತನನ್ನು ಮದುವೆಯಾಗಿ ನೆಲೆಸಿದಳು. 1924ರಲ್ಲಿ ತಾಯಿ ಹೋದಾಗ ಮೇರಿಗೆ 59. ಮೊದಲು ಗ್ರೇಸ್, ಆಮೇಲೆ ಕ್ಯಾರಿ ಅವಳನ್ನು ನೋಡಿಕೊಂಡರು. ಕ್ಯಾರಿಯ ಮನೆಯಲ್ಲೇ ಪಾರ್ಶ್ವವಾಯು ಬಡಿದು 1928ರಲ್ಲಿ ಮೇರಿ ಕಣ್ಮುಚ್ಚಿದಳು. ವಯಸ್ಸಾದ ಅಂಧ ಅಕ್ಕನಿಗೆ ಉಣಬಡಿಸಿದ, ಮಲಗಿದಲ್ಲಿ ಮಗ್ಗುಲು ಬದಲಿಸಿದ ದುಡಿಮೆಗೆ ದಿನಕ್ಕೆ 25 ಸೆಂಟ್ ಎಂಬಂಥ ದರ ಇರಲಿಲ್ಲ, ಹಾಗಾಗಿ ಅದು ಯಾವ ಲೆಕ್ಕಕ್ಕೂ ಸಿಕ್ಕಿಲ್ಲ.

1931ರಲ್ಲಿ ಲಾರಾ ಮತ್ತು ಅಲ್ಮಾಂಜೊ ಕಾರಿನಲ್ಲಿ ಡಿ ಸ್ಮೆಟ್‌ಗೆ ಹೋಗಿ ಗ್ರೇಸ್‌ಳನ್ನೂ ಅಲ್ಲಿಂದ ಕೀಸ್ಟೋನ್‌ಗೆ ಹೋಗಿ ಕ್ಯಾರಿಯನ್ನೂ ಕಂಡರು. ಮೊದಲ ಕಾದಂಬರಿ ಬಂದದ್ದು ಮರುವರ್ಷ. ಲಾರಾ ಬದುಕಿದ್ದಾಗ ಹೊರಬಂದ ಆ ಸರಣಿಯ ಕಥೆ 1885ರ ಅವಳ ಮದುವೆಗೆ ನಿಲ್ಲುತ್ತದೆ. ಆಗ ಕ್ಯಾರಿಗೆ 15, ಗ್ರೇಸ್‌ಗೆ 8.